ಆಮ್ಲವೂ ಹೌದು, ಕ್ಷಾರವೂ ಹೌದು

ಬೆಳಗಾಗೆದ್ದು ಹಾಲಿನ ಮೇಲೆ ಅನುಮಾನಪಡುವುದು ನನ್ನ ಉದ್ಯೋಗ. ನಂಜನಗೂಡಿನ ಸುತ್ತಮುತ್ತಲ ಹಳ್ಳಿಗಳಿಂದ ಲಾರಿಯಲ್ಲಿ ಬರುವ ಕ್ಯಾನುಗಳ ಮುಚ್ಚಳ ತೆಗೆಸಿ, ಮೂಸಿ, ಒಂದೊಂದರಿಂದ ಐದೈದು ಮಿಲಿ ಹಾಲು ಟೆಸ್ಟ್ ಟ್ಯೂಬಿಗೆ ಹಾಕಿಕೊಂಡು, ಇದರಲ್ಲಿ ಏನು ಮೋಸ ಇದೆ ಅಂತ ನೋಡುವ ಕೆಲಸ. ವರ್ಷಗಟ್ಟಲೆ ಇದನ್ನೇ ಮಾಡಿ ಮಾಡಿ ಎಂಥ ಚಾಳಿ ಅಂಟಿದೆ ಅಂದರೆ, ಯಾರಾದರೂ ಮನೆಗೆ ಕರೆದು ಪ್ರೀತಿಯಿಂದ ಕಾಫಿ ಕೊಟ್ಟರೂ ಮೊದಲು ಮೂಸುತ್ತೇನೆ. ನನ್ನ ಹೆಂಡತಿ ಇದಕ್ಕೆ ಬೈದು ಬೈದು ಸಾಕಾಗಿ ಈಗ ಸುಮ್ಮನಾಗಿದ್ದಾಳೆ.

ಆ ಸಾವಿರಾರು ಕ್ಯಾನುಗಳಲ್ಲಿ ಒಂದೇ ಒಂದು ಕ್ಯಾನು ನನ್ನ ನಿದ್ದೆ ಕೆಡಿಸಿದೆ. ಅದು ನನ್ನ ಅಕ್ಕನ ಊರಿನದು. ಅದರ ಕತೆ ಹೇಳುವ ಮೊದಲು ಸ್ವಲ್ಪ ರಸಾಯನಶಾಸ್ತ್ರ ಹೇಳಲೇಬೇಕು. ಬೇಸರ ಮಾಡಿಕೊಳ್ಳಬೇಡಿ, ಅದು ಗೊತ್ತಿಲ್ಲದಿದ್ದರೆ ನಾನು ಎಂಥ ಹೇಡಿ ಅನ್ನುವುದು ಸರಿಯಾಗಿ ಅರ್ಥವಾಗುವುದಿಲ್ಲ.

ಮೈಸೂರಿನಲ್ಲಿ ಬಿ.ಎಸ್ಸಿ. ಓದುವಾಗ ನಮ್ಮ ಮೇಷ್ಟ್ರು ಒಂದು ದಿನ ಅಮೈನೋ ಆಮ್ಲದ ಪಾಠ ಮಾಡಿದರು. ಹುಣಸೆಹುಳಿ ಎಲ್ಲಿ ಹೋದರೂ ಹುಳಿಯೇ, ಸೋಪಿನ ಸೋಡ ಎಲ್ಲಿ ಹೋದರೂ ಸೋಡವೇ. ಆದರೆ ಇನ್ನೊಂದು ಜಾತಿಯ ಅಣುಗಳಿವೆ, ಅವಕ್ಕೆ ಎರಡು ತುದಿ ಎಂದರು. ಒಂದು ತುದಿ ಪ್ರೋಟಾನನ್ನು ಕೊಡುತ್ತದೆ, ಆ ಕೊಡುವ ಗುಣವೇ ಆಮ್ಲ. ಇನ್ನೊಂದು ತುದಿ ಪ್ರೋಟಾನನ್ನು ತೆಗೆದುಕೊಳ್ಳುತ್ತದೆ, ಅದು ಕ್ಷಾರ. ಆದ್ದರಿಂದ ಈ ಅಣು ಆಮ್ಲದ ಎದುರು ನಿಂತರೆ ಕ್ಷಾರವಾಗುತ್ತದೆ, ಕ್ಷಾರದ ಎದುರು ನಿಂತರೆ ಆಮ್ಲವಾಗುತ್ತದೆ. ಹಿಂದಿನ ಬೆಂಚಿನಿಂದ ಬನ್ನೂರಿನ ಹುಡುಗನೊಬ್ಬ, "ನಮ್ಮೂರ ಪಂಚಾಯ್ತಿ ಮೆಂಬರ್ ಸಾ ಅದು" ಅಂದ. ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ. ಆ ಮೆಂಬರು ಮುಂದೆ ಯಾರಾಗುತ್ತಾನೆ ಅಂತ ನನಗೇನು ಗೊತ್ತಿತ್ತು!

ಹಾಲಿನ ಪ್ರೋಟೀನು ಇಂಥ ಅಣುಗಳನ್ನೇ ಪೋಣಿಸಿದ ಸರ. ಹಾಲು ತಾಜಾ ಇದ್ದಾಗ ಅದರ ಮೈಮೇಲೆ ಒಂದೇ ಬಗೆಯ ವಿದ್ಯುತ್ತು ಹೆಚ್ಚಿರುತ್ತದೆ, ಹಾಗಾಗಿ ಕಣಕ್ಕೆ ಕಣ ತಾಗದೆ ದೂರದೂರ ತೇಲಿಕೊಂಡಿರುತ್ತವೆ. ಹುಳಿ ಏರುತ್ತ ಹೋದ ಹಾಗೆ ಪ್ರೋಟೀನಿನ ಕ್ಷಾರದ ತುದಿಗಳು ಆ ಹುಳಿಯನ್ನು ಹೀರಿಕೊಳ್ಳುತ್ತವೆ. ಹೀರಿ ಹೀರಿ ಒಂದು ಹಂತದಲ್ಲಿ ಎರಡು ಬಗೆಯ ವಿದ್ಯುತ್ತೂ ಸಮ ಆಗಿಬಿಡುತ್ತದೆ. ಆಗ ಕರೆಂಟು ಹಾಯಿಸಿದರೂ ಅದು ಈ ಕಡೆಗೂ ಸರಿಯುವುದಿಲ್ಲ, ಆ ಕಡೆಗೂ ಸರಿಯುವುದಿಲ್ಲ. ಹಾಲು ಒಡೆಯುವುದು ಅಲ್ಲಿ. ನಾವೆಲ್ಲ ಹುಳಿ ಹೆಚ್ಚಾಗಿ ಹಾಲು ಒಡೆಯಿತು ಅನ್ನುತ್ತೇವೆ, ನಿಜವಾಗಿ ಅದು ಒಡೆಯುವುದು ಯಾವ ಪಕ್ಷಕ್ಕೂ ಸೇರದ ಹಾಗೆ ಸಮವಾಗಿ ನಿಂತಾಗ. ಬೇಸಿಗೆಯಲ್ಲಿ ಹೀಗೆ ಆಗದಿರಲಿ ಅಂತ ನಮ್ಮ ಕಡೆ ಹೆಂಗಸರು ಪಾಯಸದ ಹಾಲಿಗೆ ಒಂದು ಚಿಟಿಕೆ ಅಡಿಗೆ ಸೋಡ ಹಾಕುತ್ತಾರೆ. ಸೋಡ ಹುಳಿಯನ್ನು ತಿಂದುಹಾಕುತ್ತದೆ. ಕಾಲೇಜಿಂದ ರಜಕ್ಕೆ ಊರಿಗೆ ಹೋದಾಗ ನಮ್ಮವ್ವನನ್ನು ಒಲೆಯ ಮುಂದೆ ಕೂರಿಸಿಕೊಂಡು ಇದನ್ನೆಲ್ಲ ಜಂಬದಿಂದ ಹೇಳಿಕೊಟ್ಟಿದ್ದೆ.

ಈಗ ಅಕ್ಕನ ವಿಷಯ. ನಮ್ಮೂರು ಸೋಸಲೆ ಹತ್ತಿರ. ಅಕ್ಕನನ್ನು ಕೊಟ್ಟದ್ದು ಚಿಕ್ಕಯ್ಯನಛತ್ರದ ಕಡೆಯ ಒಂದು ಹಳ್ಳಿಗೆ. ಎರಡು ಊರಲ್ಲೂ ನಮ್ಮ ಜನದ್ದು ಕೆಳಗಿನ ಬೀದಿ. ಭಾವ ಬೇಗ ತೀರಿಕೊಂಡರು, ಮಕ್ಕಳಾಗಲಿಲ್ಲ. ಅಪ್ಪ ಹೋದ ಮೇಲೆ ಅವ್ವನೂ ಅಲ್ಲಿಗೇ ಹೋಗಿ ಅಕ್ಕನ ಜೊತೆ ಇದ್ದಳು. ಗೋಡೆಯ ಮೇಲೆ ಒಂದು ಬುದ್ಧನ ಫೋಟೊ, ಕೊಟ್ಟಿಗೆಯಲ್ಲಿ ಎರಡು ಹಸು. ಪಿ.ಯು.ಸಿ. ಪಾಸಾಗಿದ್ದ ಅಕ್ಕ ತರಬೇತಿ ಪಡೆದು ಆ ಊರಿನ ಹೆಂಗಸರ ಹಾಲಿನ ಡೈರಿಗೆ ಸೆಕ್ರೆಟರಿಯಾದಳು.

ಆಗಿದ್ದೇನು ಸಣ್ಣ ಮಾತಲ್ಲ. ಮೇಲಿನ ಬೀದಿಯ ಹಾಲನ್ನು ಕೆಳಗಿನ ಬೀದಿಯವಳು ಅಳೆಯಬೇಕು, ಅವಳ ಕೈ ಆ ಹಾಲಿಗೆ ತಾಗಬೇಕು. ಮೊದಮೊದಲು ಕೆಲವರು ಬಾಗಿಲಾಚೆ ನಿಂತು, ಮಾರುದ್ದದಿಂದ ತಂಬಿಗೆ ಎತ್ತಿ ಸುರಿಯುತ್ತಿದ್ದರಂತೆ. ಇನ್ನು ಕೆಲವರು ಖಾಸಗಿ ವ್ಯಾನಿನವನಿಗೆ ಹಾಕುತ್ತಿದ್ದರು. ಅಕ್ಕ ಒಬ್ಬರಿಗೂ ಎದುರಾಡಲಿಲ್ಲ. ಅಳತೆಯಲ್ಲಿ ಒಂದು ತೊಟ್ಟು ಹೆಚ್ಚುಕಡಿಮೆ ಮಾಡಲಿಲ್ಲ. ವರ್ಷಗಳು ಹೋದವು. ದೂರದಿಂದ ಸುರಿಯುತ್ತಿದ್ದವರೇ ಕಟ್ಟೆ ಮೇಲೆ ಕೂತು, "ಅಕ್ಕಯ್ಯ, ನಮ್ಮ ಅಸ ಯಾಕೋ ಮೇವು ತಿಂತಿಲ್ಲ, ಏನ್ ಮಾಡಾದು?" ಅಂತ ಕೇಳುವ ಹಾಗಾಯಿತು. ಆ "ಅಕ್ಕಯ್ಯ" ಅನ್ನುವ ಒಂದು ಮಾತಿಗೆ ಅವಳು ಎಷ್ಟು ವರ್ಷ ದುಡಿದಿದ್ದಳೋ ನನಗೆ ಗೊತ್ತು. ಆ ಕೆಲಸ ಹೋದರೆ ಹೋಗುವುದು ಸಂಬಳ ಮಾತ್ರ ಆಗಿರಲಿಲ್ಲ.

ಅದೊಂದು ಬೇಸಿಗೆ, ಅವರ ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟು ಎರಡು ದಿನ ಕರೆಂಟಿರಲಿಲ್ಲ, ಡೈರಿಯಲ್ಲಿ ಹಾಲು ತಂಪಾಗಿಡುವ ಯಂತ್ರ ನಿಂತಿತ್ತು. ಮೂರನೆಯ ಬೆಳಿಗ್ಗೆ ಅವರ ಕ್ಯಾನು ನನ್ನ ಮುಂದೆ ಬಂತು. ಕಾಯಿಸಿ ನೋಡಿದೆ, ಒಡೆಯಲಿಲ್ಲ. ಅಂಥ ಬಿಸಿಲಲ್ಲಿ ರಾತ್ರಿಯೆಲ್ಲ ಇದ್ದ ಹಾಲು ಒಡೆಯಲಿಲ್ಲ ಅಂದರೆ ಸಂತೋಷಪಡಬೇಕು, ನನಗೆ ಅನುಮಾನ ಬಂತು. ನಾಲಿಗೆಗೆ ಹಚ್ಚಿದರೆ ಸೋಪಿನಂಥ ರುಚಿ. ಐದು ಮಿಲಿ ಹಾಲಿಗೆ ಅಷ್ಟೇ ಸ್ಪಿರಿಟ್ಟು ಸೇರಿಸಿ, ರೋಸಾಲಿಕ್ ಆಮ್ಲ ಅನ್ನುವ ದ್ರಾವಣದ ಎರಡು ತೊಟ್ಟು ಬಿಟ್ಟೆ. ಒಳ್ಳೆಯ ಹಾಲಾದರೆ ಕಂದು ಬಣ್ಣ ಬರುತ್ತದೆ, ಸೋಡ ಇದ್ದರೆ ಗುಲಾಬಿ. ಟ್ಯೂಬು ಅಲ್ಲಾಡಿಸುವಷ್ಟರಲ್ಲಿ ಗುಲಾಬಿಯಾಯಿತು. ಥೂ, ನನ್ನ ಕಣ್ಣೇ ಸುಳ್ಳಾಗಬಾರದೇ ಅಂತ ಮತ್ತೊಂದು ಸಲ ಮಾಡಿದೆ. ಅದೂ ಗುಲಾಬಿ.

ಹೊರಗೆ ಹೋಗಿ ಅಕ್ಕನಿಗೆ ಫೋನು ಮಾಡಿದೆ.

"ಏನ್ಲಾ, ಇಷ್ಟೊತ್ನಲ್ಲಿ?"

"ಅಕ್ಕ, ನೆನ್ನೆ ಸಂಜೆ ಆಲಿಗೆ ಏನಾರ ಆಕಿದ್ರಾ?"

"ಏನ್ ಆಕಾದು?"

"ಸೋಡ."

"ಯಾರ್ಲಾ ಏಳಿದ್ದು ನಿಂಗೆ?"

"ಯಾರೂ ಏಳ್ಲಿಲ್ಲ. ಆಲೇ ಏಳ್ತು."

"ನನ್ ಕಣ್ಣಾಣೆಗೂ ನಾನು ಆಕಿಲ್ಲ ಕಣ್ಲಾ."

"ಅದು ನಂಗೊತ್ತಿಲ್ವಾ? ನೀನೇನೂ ಯೋಚ್ನೆ ಮಾಡ್ಬೇಡ, ನಾನು ನೋಡ್ಕತೀನಿ."

"ನೋಡ್ಕತೀನಿ" ಅನ್ನುವುದು ನನ್ನ ಬಾಯಿಗೆ ಅಂಟಿದ ಮಾತು. ಒಳಗೆ ಬಂದು ಆ ಟ್ಯೂಬನ್ನು ಸಿಂಕಿಗೆ ಸುರಿಯಲೇ ಬೇಡವೇ ಅಂತ ಕೈಯಲ್ಲಿ ಹಿಡಿದು ನಿಂತಿದ್ದೆ. ಸುರಿಯುವ ಧೈರ್ಯವೂ ಬರಲಿಲ್ಲ, ಪುಸ್ತಕದಲ್ಲಿ ಬರೆಯುವ ಧೈರ್ಯವೂ ಬರಲಿಲ್ಲ. ಅಷ್ಟರಲ್ಲಿ ನಮ್ಮ ಮ್ಯಾನೇಜರ್ ಬಂದರು. "ಏನ್ರೀ, ಪಿಂಕ್ ಬಂದಿದೆ?" ಅಂದರು. "ಬಂದಿದೆ ಸಾ" ಅಂದೆ. ಆ ಕ್ಯಾನಿನ ಹಾಲನ್ನೆಲ್ಲ ಚರಂಡಿಗೆ ಸುರಿಸಿದರು. ಬಿಳಿ ನೊರೆ ಮೋರಿಯಲ್ಲಿ ಹರಿದು ಹೋಗುವುದನ್ನು ನೋಡುತ್ತ ನಾನು ವರದಿ ಬರೆದೆ.

ಊರಿನಲ್ಲಿ ಮೀಟಿಂಗು ಕರೆಯುತ್ತಾರೆ ಅಂತ ಗೊತ್ತಾಯಿತು. ಅದಕ್ಕೆ ಮುಂಚಿನ ಭಾನುವಾರ ಅಕ್ಕನ ಮನೆಗೆ ಹೋದೆ. ಅಕ್ಕ ಹುಲ್ಲಿಗೆ ಹೋಗಿದ್ದಳು. ಅವ್ವ ಜಗಲಿಯಲ್ಲಿ ಮೊರ ಇಟ್ಟುಕೊಂಡು ಹುರುಳಿಕಾಳು ಕೇರುತ್ತಿದ್ದಳು. ನನ್ನನ್ನು ನೋಡಿದ್ದೇ ಮೊರ ಕೆಳಗಿಟ್ಟು, ಆ ಕಡೆ ಈ ಕಡೆ ನೋಡಿ, ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.

"ಅದ ಆಕಿದ್ದು ನಾನೇ ಕಣಪ್ಪ" ಅಂದಳು.

"ಏನವ್ವ ನೀನು!"

"ನಿಮ್ಮಕ್ಕ ಚತ್ರಕ್ಕೆ ಐಸ್‌ಗಡ್ಡೆ ತರಾಕ್ ಓಗಿದ್ಲು. ಕ್ಯಾನ್ ಇಟ್ಟಿರ ತೊಟ್ಟಿ ನೀರು ಬದ್ಲಾಯ್ಸ್ತಾ ಇರು ಅಂತ ಡೈರಿ ಬೀಗದ ಕೈ ಕೊಟ್ಟಿದ್ಲು. ಮುಚ್ಳ ತೆಗ್ದು ಮೂಸ್ ನೋಡ್ದೆ, ಉಳಿ ವಾಸ್ನೆ ಬತ್ತಾ ಇತ್ತು. ಅಯ್ಯೋ, ಆಲು ಒಡ್ದೋದ್ರೆ ಮಗೀನ ಎಸ್ರು ಕೆಟ್ಟೋಯ್ತದಲ್ಲ ಅಂತ ಒಂದ್ ಇಡಿ ಸೋಡ ಆಕ್ಬುಟ್ಟೆ. ಉಳಿಯ ಅದು ತಿಂದಾಕ್ತದೆ ಅಂತ ನೀನೇ ಏಳ್ಕೊಟ್ಟಿದ್ಯಲ್ಲಪ್ಪ."

ಪಾಯಸದ ಚಿಟಿಕೆ ಇಡೀ ಊರಿನ ಕ್ಯಾನಿಗೆ ಒಂದು ಹಿಡಿಯಾಗಿತ್ತು. ಅದಕ್ಕೆ ಶಾಸ್ತ್ರದ ಬಲ ಕೊಟ್ಟವನು ನಾನೇ.

"ಅವ್ಳಿಗೆ ಏಳ್ಬೇಡ ಕಣಪ್ಪ. ನನ್ ಮಕ ನೋಡಾಕಿಲ್ಲ ಅವ್ಳು" ಅಂತ ಅವ್ವ ಅತ್ತಳು. ಅವಳ ಕಣ್ಣೀರು ನೋಡಿ ಮಾತು ಕೊಟ್ಟೆ. ಇನ್ನೊಂದು ಲೆಕ್ಕಾಚಾರವೂ ನನ್ನ ತಲೆಯಲ್ಲಿತ್ತು. ಅಕ್ಕ ಡೈರಿಯ ಸೆಕ್ರೆಟರಿ, ಅವಳ ಕೈಯನ್ನು ಊರು ಒಪ್ಪಿತ್ತು. ಅವ್ವ ಯಾರು? ಕೆಳಗಿನ ಬೀದಿಯ ಒಬ್ಬ ಮುದುಕಿ. ಯಾರೂ ಇಲ್ಲದಾಗ ಅವಳು ಎಲ್ಲರ ಹಾಲಿನ ಮುಚ್ಚಳ ತೆಗೆದು ಕೈ ಹಾಕಿದಳು ಅಂತ ತಿಳಿದರೆ ಮೇಲಿನ ಬೀದಿಯವರ ಬಾಯಿ ಏನೇನು ಆಡುತ್ತದೋ ನಾನು ಹುಟ್ಟಿದಾಗಿನಿಂದ ಕೇಳಿಕೊಂಡು ಬಂದವನೇ. ಸಂಜೆ ಅಕ್ಕ ಹುಲ್ಲಿನ ಹೊರೆ ಇಳಿಸಿ ಬಂದು, "ಮೀಟಿಂಗ್‌ಗೆ ನೀನೂ ಬತ್ತೀಯಂತಲ್ಲ, ನನ್ನ ಕೈ ಬುಡಬೇಡ ಕಣ್ಲಾ" ಅಂದಳು. "ಬುಡ್ತೀನಾ ಅಕ್ಕ?" ಅಂದೆ.

ಮಾರನೆಯ ದಿನ ಮ್ಯಾನೇಜರ್ ಕರೆದರು. "ಅದು ನಿಮ್ಮಕ್ಕ ಅಂತ ಗೊತ್ತು ಕಣ್ರೀ. ಅದಕ್ಕೇ ಹೇಳ್ತಿರೋದು, ನೀವು ನ್ಯೂಟ್ರಲ್ ಆಗಿರಿ. ರಿಪೋರ್ಟಲ್ಲಿ ಏನಿದೆಯೋ ಅಷ್ಟು ಹೇಳಿ, ಸಾಕು."

"ಆಗ್ಲಿ ಸಾ" ಅಂದೆ. ಹೀಗೆ ಅವ್ವನಿಗೊಂದು, ಅಕ್ಕನಿಗೊಂದು, ಮ್ಯಾನೇಜರಿಗೊಂದು ಮಾತು ಕೊಟ್ಟು, ಮೂರೂ ಮಾತನ್ನು ಉಳಿಸಿಕೊಳ್ಳುತ್ತೇನೆ ಅಂತ ನಂಬಿಕೊಂಡು ಮೀಟಿಂಗಿಗೆ ಹೋದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆ ವಿದ್ಯೆಯಲ್ಲಿ ನಾನು ಪಂಡಿತನಾಗಿದ್ದೆ. ಆಫೀಸಿನಲ್ಲಿ ಜಗಳವಾದರೆ ಎರಡೂ ಕಡೆಯವರ ಜೊತೆ ಟೀ ಕುಡಿಯುವವನು ನಾನು. ಒಳ್ಳೆ ಮನುಷ್ಯ ಅಂತ ಎಲ್ಲರೂ ಅನ್ನುತ್ತಿದ್ದರು.

ಬೆಳಗಿನ ಹಾಲು ಹಾಕುವುದು ಮುಗಿದ ಮೇಲೆ ಡೈರಿಯ ಮುಂದೆ ಎಲ್ಲರೂ ಸೇರಿದರು. ಹಾಲು ಹಾಕುವ ಹೆಂಗಸರು, ಅವರ ಗಂಡಂದಿರು, ಸಂಘದ ಅಧ್ಯಕ್ಷೆ, ನಮ್ಮ ಮ್ಯಾನೇಜರ್. ಅಕ್ಕ ಕಂಬದ ಪಕ್ಕ ನೆಲದ ಮೇಲೆ ಕೂತಿದ್ದಳು. ಕುರ್ಚಿ ಖಾಲಿ ಇತ್ತು, ಅವಳು ಕೂರಲಿಲ್ಲ. ಅಧ್ಯಕ್ಷೆ ಕೇಳಿದರು, "ಬೀಗದ ಕೈ ಆವತ್ತು ಯಾರ ತಾವ ಇತ್ತಮ್ಮ?"

"ನನ್ನ ತಾವೇ. ನನ್ ಸೊಂಟ ಬುಟ್ಟು ಎಲ್ಲೂ ಓಗಿಲ್ಲ."

ನಾನು ತಲೆ ತಗ್ಗಿಸಿದೆ. ಬೇರೆಯವರಿಗೆ ಬೀಗದ ಕೈ ಕೊಡುವ ಹಾಗಿಲ್ಲ ಅನ್ನುವ ನಿಯಮಕ್ಕೆ ಹೆದರಿ ಸುಳ್ಳು ಹೇಳಿದಳಲ್ಲ, ತನ್ನ ಕತ್ತಿಗೆ ತಾನೇ ಹಗ್ಗ ಹಾಕಿಕೊಂಡಳಲ್ಲ ಅಂದುಕೊಂಡೆ. "ಹಂಗಾರೆ ಇನ್ಯಾರ್ ಬಂದು ಆಕ್ತಾರೆ, ದೆವ್ವನಾ?" ಅಂದನೊಬ್ಬ. ಹಿಂದಿನಿಂದ ಒಂದು ಹೆಂಗಸು, "ಯಾರ್ ಕೈಗೆ ಏನ್ ಕೊಡ್ಬೇಕೋ ಅದ್ನೇ ಕೊಡ್ಬೇಕು ಕಣ್ರಮ್ಮ" ಅಂದಳು. ಕಟ್ಟೆಯ ಮೇಲೆ ಕೂತು ಅಕ್ಕಯ್ಯ ಅಕ್ಕಯ್ಯ ಅನ್ನುತ್ತಿದ್ದವಳೇ ಅವಳು. ಆ ಮಾತಿನ ಅರ್ಥ ಅಲ್ಲಿದ್ದ ಎಲ್ಲರಿಗೂ ಆಯಿತು. ಒಬ್ಬರೂ ಬಾಯಿಮುಚ್ಚು ಅನ್ನಲಿಲ್ಲ.

ಮ್ಯಾನೇಜರ್ ನನ್ನ ಕಡೆ ನೋಡಿದರು. ಎದ್ದು ನಿಂತೆ. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಕಾಗದ ಬಿಡಿಸಿ, "ಹಾಲಿನಲ್ಲಿ ಸೋಡ ಇದ್ದದ್ದು ನಿಜ. ಯಾರು ಹಾಕಿದರು ಎಂಬುದು ಈ ಪರೀಕ್ಷೆಯಿಂದ ತಿಳಿಯುವುದಿಲ್ಲ" ಅಂದೆ. ಅಕ್ಕನ ಎದುರಿಗೆ ನಾನು ಹಾಗೆ ಪುಸ್ತಕದ ಹಾಗೆ ಮಾತಾಡಿದ್ದು ಅದೇ ಮೊದಲು. ಹೇಳಿ ಕೂತೆ.

ಎಂಥ ಜಾಣ ಮಾತು! ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಮ್ಯಾನೇಜರ್ ಮೆಚ್ಚಿ ತಲೆಯಾಡಿಸಿದರು. ಅವ್ವನ ಗುಟ್ಟು ಉಳಿಯಿತು. ಅಕ್ಕನ ಮೇಲೂ ನಾನು ಹೇಳಲಿಲ್ಲ. ಆದರೆ ಸಭೆ ಅದನ್ನು ಕೇಳಿಸಿಕೊಂಡದ್ದೇ ಬೇರೆ ಥರ. ತಮ್ಮನೇ ಇಲ್ಲ ಅನ್ನಲಿಲ್ಲವಲ್ಲ, ಇನ್ನೇನು ಬೇಕು? ಕಾಲೇಜಿನ ಲ್ಯಾಬಿನಲ್ಲಿ ಅಮೈನೋ ಆಮ್ಲಕ್ಕೆ ಫಾರ್ಮಲಿನ್ ಬೆರೆಸುತ್ತಿದ್ದೆವು. ಫಾರ್ಮಲಿನ್ ಅದರ ಕ್ಷಾರದ ತುದಿಯನ್ನು ಕಟ್ಟಿಹಾಕುತ್ತದೆ, ಆಮೇಲೆ ಅದು ಆಮ್ಲವಾಗಿಯೇ ನಿಂತು ಉತ್ತರ ಕೊಡಬೇಕು, ತಪ್ಪಿಸಿಕೊಳ್ಳುವ ಹಾಗಿಲ್ಲ. ನನ್ನ ಒಂದು ತುದಿಯನ್ನು ಕಟ್ಟಿಹಾಕುವವರು ಅಲ್ಲಿ ಯಾರೂ ಇರಲಿಲ್ಲ.

ಅಕ್ಕ ಅಲ್ಲೇ ಒಂದು ಹಾಳೆ ಕೇಳಿ ರಾಜೀನಾಮೆ ಬರೆದುಕೊಟ್ಟಳು. ಬೀಗದ ಕೈಯನ್ನು ಸೊಂಟದಿಂದ ಬಿಚ್ಚಿ ಮೇಜಿನ ಮೇಲಿಟ್ಟು ಹೋದಳು. ಆಮೇಲೆ ನಂಜನಗೂಡಿನ ಕಡೆಯ ಒಂದು ಗಾರ್ಮೆಂಟ್ಸಿಗೆ ಸೇರಿದಳು. ಬೆಳಿಗ್ಗೆ ವ್ಯಾನು ಬರುವಷ್ಟರಲ್ಲಿ ಅಡಿಗೆ ಮಾಡಿಟ್ಟು ಓಡಬೇಕು, ದಿನವೆಲ್ಲ ನಿಂತು ಅಂಗಿಗಳ ದಾರ ಕತ್ತರಿಸಬೇಕು. ಕಾಲು ಊದಿಕೊಳ್ಳುತ್ತಿತ್ತು. ಹಸುಗಳನ್ನು ಮಾರಿಬಿಟ್ಟಳು, ಆ ಡೈರಿಗೆ ತಂಬಿಗೆ ಹಿಡಿದುಕೊಂಡು ಹೋಗುವುದು ಅವಳಿಂದ ಆಗಲಿಲ್ಲ. ನಾನು ಹಬ್ಬಕ್ಕೆ ಸೀರೆ ತೆಗೆದುಕೊಂಡು ಹೋಗುತ್ತಿದ್ದೆ. ಬಾ ಕೂತ್ಕೊ ಅನ್ನುತ್ತಿದ್ದಳು, ಕಾಫಿ ಕೊಡುತ್ತಿದ್ದಳು. ಆ ದಿನದ ಮಾತು ಒಮ್ಮೆಯೂ ಎತ್ತಲಿಲ್ಲ. ಪೌಡರ್ ಹಾಲಿನ ಕಾಫಿ ಅದು, ಒಂದು ದಿನವೂ ನಾನು ಮೂಸಲಿಲ್ಲ.

ಅವ್ವ ಮೂರು ವರ್ಷ ಅಕ್ಕನ ಕೈಯಲ್ಲಿ ಉಂಡುಕೊಂಡು ಇದ್ದಳು. ಕೊನೆಗೆ ಹಾಸಿಗೆ ಹಿಡಿದಾಗ ರಜ ಹಾಕಿ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ, ಗಂಜಿ ಕುಡಿಸಿ ನೋಡಿಕೊಂಡವಳು ಅಕ್ಕನೇ. ಅವ್ವ ತೀರಿಕೊಂಡ ಮೇಲೆ ಬೂದಿ ಬಿಡಲು ತಿ. ನರಸೀಪುರದ ಸಂಗಮಕ್ಕೆ ನಾವಿಬ್ಬರೇ ಹೋದೆವು. ಅಪ್ಪನದ್ದನ್ನೂ ಅಲ್ಲೇ ಬಿಟ್ಟದ್ದು. ತೆಪ್ಪದವನು ನಮ್ಮನ್ನು ಹೊಳೆಯ ಮಧ್ಯಕ್ಕೆ ಕರೆದುಕೊಂಡು ಹೋಗಿ ಬಂದ. ದಡದ ಮೆಟ್ಟಿಲ ಮೇಲೆ ಕೂತೆವು. ಅವ್ವನಿಗೆ ಕೊಟ್ಟ ಮಾತು ಅವ್ವನ ಜೊತೆಗೇ ಹೋಯಿತು, ಇನ್ನಾದರೂ ಹೇಳಿ ಎದೆ ಹಗುರ ಮಾಡಿಕೊಳ್ಳೋಣ ಅನ್ನಿಸಿತು.

"ಅಕ್ಕ, ಆವತ್ತು ಆ ಸೋಡ..."

"ಅವ್ವ ಆಕಿದ್ದು. ಗೊತ್ತು ಬುಡು."

ನಾನು ಅವಳ ಮುಖ ನೋಡಿದೆ. ಅವಳು ನೀರು ನೋಡುತ್ತಿದ್ದಳು.

"ಬೀಗದ ಕೈ ಕೊಟ್ಟೋಗಿದ್ದೋಳು ನಾನು. ಬಂದು ನೋಡುದ್ರೆ ಸೋಡದ ಪೊಟ್ಣ ಅರ್ಧಕ್ಕಿಳ್ದಿತ್ತು. ನೀನು ಪೋನ್ ಮಾಡ್ದಾಗ್ಲೇ ಗೊತ್ತಾಯ್ತು. ನಾನೇನ್ ಕುರುಡಿಯಾ?"

"ಮತ್ತೆ ಮೀಟಿಂಗಲ್ಲಿ, ನನ್ ಸೊಂಟದಲ್ಲೇ ಇತ್ತು ಅಂದೆ?"

"ಇನ್ನೇನ್ ಅನ್ಲಿ? ಎತ್ತವ್ವನ ತಕ್ಕೊಂಡೋಗಿ ಅವ್ರ ಬಾಯಿಗೆ ಆಕ್ಲಾ?"

"ನಂಗೂ ಅವ್ವ ಮೊದ್ಲೇ ಏಳಿದ್ಲು ಅಕ್ಕ. ಯಾರಿಗೂ ಏಳಾಕಿಲ್ಲ ಅಂತ ಮಾತು ಕೊಟ್ಬುಟ್ಟಿದ್ದೆ. ಅದ್ಕೇ ಆವತ್ತು ನಾನು..."

"ಅವ್ವನ ಎಸ್ರು ಏಳು ಅಂತ ನಾನ್ ಯಾವತ್ತಾರ ಅಂದ್ನಾ?" ಅಕ್ಕ ಮೊದಲ ಸಲ ನನ್ನ ಕಡೆ ತಿರುಗಿದಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ, ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. "ಕೆಲ್ಸ ಉಳ್ಸು ಅಂತ್ಲೂ ಕೇಳ್ಲಿಲ್ಲ. ಅಷ್ಟ್ ಜನದ ಮುಂದೆ ಎದ್ದು ನಿಂತ್ಯಲ್ಲ. ಇವ್ಳು ನಮ್ಮಕ್ಕ, ಇವ್ಳು ಅಂಥೋಳಲ್ಲ ಅಂತ ಒಂದ್ ಮಾತು ಅಂತೀಯೇನೋ ಅಂತ ನಿನ್ ಮಕವೇ ನೋಡ್ಕಂಡ್ ಕುಂತಿದ್ದೆ ಕಣ್ಲಾ."

ಅಷ್ಟು ಹೇಳಿ ಖಾಲಿ ಕುಡಿಕೆಯನ್ನು ನೀರಲ್ಲಿ ಬಿಟ್ಟು, ಸೆರಗು ಹಿಂಡಿ, "ಏಳು, ಬಸ್ಸು ಓಯ್ತದೆ" ಅಂತ ಮೆಟ್ಟಿಲು ಹತ್ತಿದಳು. ಊದಿದ ಕಾಲು, ಒಂದೊಂದೇ ಮೆಟ್ಟಿಲು. ನಾನು ಏಳಲಿಲ್ಲ. ಆ ಒಂದು ಮಾತು ಅಂದಿದ್ದರೆ ಅವ್ವನ ಗುಟ್ಟು ಒಡೆಯುತ್ತಿರಲಿಲ್ಲ, ವರದಿ ಸುಳ್ಳಾಗುತ್ತಿರಲಿಲ್ಲ, ನನ್ನ ನೌಕರಿಗೂ ಏನೂ ಆಗುತ್ತಿರಲಿಲ್ಲ. ಯಾರನ್ನೂ ಕೇಳಬೇಕಾಗಿರಲಿಲ್ಲ. ನನಗೆ ಅದು ಹೊಳೆಯಲೇ ಇಲ್ಲ.

"ಅವಳು ನಮ್ಮಕ್ಕ. ಅಂಥವಳಲ್ಲ" ಅಂದೆ. ಅಷ್ಟು ಹೊತ್ತಿಗೆ ಅಕ್ಕ ಮೇಲೆ ರಸ್ತೆ ಸೇರಿದ್ದಳು.

ತೆಪ್ಪ ಕಟ್ಟುತ್ತಿದ್ದವನು ತಲೆಯೆತ್ತಿ, "ಏನ್ ಸಾ?" ಅಂದ.

"ಏನಿಲ್ಲ" ಅಂದೆ.